ನಡುವಿನಾಕಿ

ಆಕಾಶಗನ್ನಡಿಗಳು ಬಂದು ಹದಿನಾರು ವರ್ಷವಾಗಿತ್ತು. ಧಾರವಾಡದ ಮಂದಿ ಸರಿಯಾಗಿ ನಿದ್ದೆ ಮಾಡಿಯೂ ಹೆಚ್ಚುಕಡಿಮೆ ಅಷ್ಟೇ ವರ್ಷವಾಗಿತ್ತು.

ಕನ್ನಡಿ ಎಂದರೆ ಗಾಜಿನದಲ್ಲ. ಜರಿಕಾಗದದಷ್ಟು ತೆಳುವಾದ, ಹೊಲದಷ್ಟು ಅಗಲವಾದ ಹಾಳೆಗಳು. ಸಾವಿರಗಟ್ಟಲೆ ಹಾಳೆಗಳು ಭೂಮಿಯನ್ನು ಸುತ್ತುತ್ತ, ಸೂರ್ಯ ಮುಳುಗಿದ ಮೇಲೂ ಅವನ ಬಿಸಿಲನ್ನು ಹಿಡಿದು ಕೆಳಗೆ ಚೆಲ್ಲುತ್ತಿದ್ದವು. ಮೊದಲ ದಿನ ನೀಲಗಂಗಾಳ ಅತ್ತೆ ಗುರವ್ವ ಅಂಗಳಕ್ಕೆ ಬಂದು, ದೀಪ ಹಚ್ಚುವ ಹೊತ್ತಿನಲ್ಲಿ ಮೂಡಿದ ಎರಡನೆಯ ಸೂರ್ಯನಿಗೆ ಭಕ್ತಿಯಿಂದ ಕೈಮುಗಿದಿದ್ದಳು. ಈಗ ಅದೇ ಗುರವ್ವ ಸಂಜೆಯಾದರೆ ಸಾಕು, "ಬಂದ್ಲು ನೋಡು ಹಾಳಾದಾಕಿ" ಎಂದು ಬೈಯುತ್ತ ಕಿಟಕಿಗೆ ಗೋಣಿತಾಟು ಬಿಗಿಯುತ್ತಿದ್ದಳು.

ಊರು ಹೊಂದಿಕೊಂಡಿತ್ತು. ಹೊಂದಿಕೊಳ್ಳದೆ ಎಲ್ಲಿಗೆ ಹೋಗುವುದು? ವರ್ಷಕ್ಕೆ ಒಂದು ಪೀಕು ಹೆಚ್ಚು ಬಂತು, ಕರೆಂಟು ಅಗ್ಗವಾಯಿತು. ಅದರ ಜೊತೆಗೆ ಮಲ್ಲಿಗೆ ಬಳ್ಳಿಗಳು ಮೊಗ್ಗು ಬಿಡುವುದನ್ನೇ ಮರೆತವು, ಗೂಡಿಗೆ ಹೋಗುವ ಹೊತ್ತು ಯಾವುದೆಂದು ತಿಳಿಯದೆ ಕಾಗೆಗಳು ಒಂದೇ ಸಮನೆ ಒದರತೊಡಗಿದವು. ಪೇಟೆಯಲ್ಲಿ ನಿದ್ದೆಮನೆಗಳು ಎದ್ದವು: ದಪ್ಪ ಗೋಡೆ, ಕಿಟಕಿಯಿಲ್ಲ, ತಾಸಿನ ಲೆಕ್ಕದಲ್ಲಿ ಬಾಡಿಗೆ. ಬೀಗರ ಮನೆಗೆ ಹೋದರೆ "ಊಟ ಆತೇನ್ರಿ" ಎನ್ನುವ ಮೊದಲು "ನಿದ್ದಿ ಆತೇನ್ರಿ" ಎಂದು ಕೇಳುವುದು ರೂಢಿಯಾಯಿತು. ಉತ್ತರ ಯಾವಾಗಲೂ ಆಕಳಿಕೆಯೇ.

ನೀಲಗಂಗಾಳ ಗಂಡ ಮಡಿವಾಳ ಬೆಳಕು ಹಂಚಿಕೆ ಕಚೇರಿಯಲ್ಲಿ ಕೆಲಸಕ್ಕಿದ್ದ. ಯಾವ ಊರಿನ ಮೇಲೆ ಯಾವ ಕನ್ನಡಿ ಎಷ್ಟು ಹೊತ್ತು ತಿರುಗಬೇಕು ಎಂದು ನೋಡಿಕೊಳ್ಳುವುದು ಅವನ ಪಾಲಿಗೆ ಬಂದಿತ್ತು. ಉಳ್ಳಾಗಡ್ಡಿ ಬೆಳೆಯುವವರು ಬೆಳಕು ಬೇಕೆನ್ನುವರು, ಪಕ್ಕದ ರೇಷ್ಮೆಹುಳದವರು ಕತ್ತಲು ಬೇಕೆನ್ನುವರು, ಇಬ್ಬರೂ ಸೇರಿ ಮಡಿವಾಳನನ್ನು ಬೈಯುವರು. ಹೀಗೆ ಗಂಡ ಬೆಳಕು ಹಂಚುವವನು, ಹೆಂಡತಿ ಆ ಬೆಳಕು ಕೊಂದದ್ದನ್ನು ಕಾಯುವವಳು. ಮನೆಯಲ್ಲಿ ಇದರ ಬಗ್ಗೆ ಜಗಳವಾಡುವಷ್ಟು ಕಸುವು ಇಬ್ಬರಿಗೂ ಉಳಿದಿರಲಿಲ್ಲ.

ಅವಳು ಕಾಯುತ್ತಿದ್ದುದು ಹಳೆಯ ಆಕಾಶವನ್ನು. ಕನ್ನಡಿಗಳು ಬಂದ ಮೇಲೆ ಭೂಮಿಯ ಮೇಲಿನ ಯಾವ ದೂರದರ್ಶಕಕ್ಕೂ ಕತ್ತಲು ಸಿಗಲಿಲ್ಲ. ಒಂದೊಂದಾಗಿ ಎಲ್ಲವೂ ಕಣ್ಣು ಮುಚ್ಚಿದವು. ಅದಕ್ಕೂ ಮೊದಲು ಆಕಾಶದ ದೊಡ್ಡ ದೊಡ್ಡ ಭಾಗಗಳನ್ನೇ ಒಂದೊಂದು ಚೌಕಟ್ಟಿನಲ್ಲಿ ಹಿಡಿಯುವ ದೊಡ್ಡ ದೂರದರ್ಶಕಗಳು ತೆಗೆದಿಟ್ಟಿದ್ದ ಚಿತ್ರಗಳು ಮಾತ್ರ ಉಳಿದವು. ಧಾರವಾಡದ ಹೊರಗಿನ ಗುಡ್ಡದ ಮೇಲಿದ್ದ ಸಂಗ್ರಹಾಲಯದಲ್ಲಿ ಅವುಗಳ ಒಂದು ಭಾಗವಿತ್ತು, ಅದು ಇನ್ನೆಲ್ಲೂ ಇರಲಿಲ್ಲ. ಇನ್ನು ಹೊಸ ಚಿತ್ರ ಬರುವುದಿಲ್ಲ ಎಂಬುದು ಅಲ್ಲಿಯ ಎಲ್ಲರಿಗೂ ಗೊತ್ತಿತ್ತು.

ಆ ಚಿತ್ರಗಳಲ್ಲಿ ನಕ್ಷತ್ರಗಳ ಹಿಂದೆ, ಎಣಿಸಲಾಗದಷ್ಟು ಗೆಲಾಕ್ಸಿಗಳು ಸಣ್ಣ ಮಸುಕು ಕಲೆಗಳಾಗಿ ಕೂತಿದ್ದವು. ನೀರು ತುಂಬಿದ ಲೋಟದ ಮೂಲಕ ಚಾಪೆಯನ್ನು ನೋಡಿದರೆ ಅದರ ಗೆರೆ ಸೊಟ್ಟಗೆ ಕಾಣುತ್ತದಲ್ಲ, ಹಾಗೆಯೇ ದೂರದ ಗೆಲಾಕ್ಸಿಯ ಬೆಳಕು ದಾರಿಯಲ್ಲಿ ಭಾರವಾದ ಏನನ್ನಾದರೂ ದಾಟಿ ಬಂದರೆ ಅದರ ಆಕಾರ ಕೊಂಚ ಎಳೆದಂತೆ ಕಾಣುತ್ತದೆ. ನಡುವಿನ ಭಾರ ಕಣ್ಣಿಗೆ ಕಾಣುವುದಿಲ್ಲ. ಅದು ಕತ್ತಲ ದ್ರವ್ಯ. ಒಂದು ಗೆಲಾಕ್ಸಿ ನೋಡಿ ಏನೂ ಹೇಳಲಾಗದು. ಕೋಟಿಗಟ್ಟಲೆ ನೋಡಿದರೆ, ಯಾವ ಕಡೆಗೆ ಎಲ್ಲವೂ ವಾಲಿವೆ ಎಂಬುದರಿಂದ, ಕಾಣದ ಭಾರ ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ಲೆಕ್ಕ ಹಾಕಬಹುದು. ಆ ಲೆಕ್ಕಕ್ಕೆ ನೀಲಗಂಗಾ ಎಂಟು ವರ್ಷ ಕೊಟ್ಟಿದ್ದಳು.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಉತ್ತರ ಏನು ಬರಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಅದೇ ಉತ್ತರ ಸಿಗುತ್ತದೆ, ಮೋಸ ಮಾಡುವ ಇಚ್ಛೆ ಇರದಿದ್ದರೂ ಸಿಗುತ್ತದೆ. ಆದ್ದರಿಂದ ಲೆಕ್ಕ ಮಾಡುವವರ ಕಣ್ಣಿಗೆ ಅವರೇ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಗುರುನಾಥ ಕಟ್ಟಿಯವರು ನಿವೃತ್ತರಾದ ಹಿರಿಯ ವಿಜ್ಞಾನಿ. ಅವರು ಅಳತೆಗಳ ಮೂರು ಪ್ರತಿ ಮಾಡಿ, ಎರಡರಲ್ಲಿ ಬೇಕಂತಲೇ ಸುಳ್ಳು ಎಳೆತ ಬೆರೆಸಿ ಕೊಟ್ಟಿದ್ದರು. ಖರೆ ಯಾವುದು ಎಂಬುದು ಅವರೊಬ್ಬರಿಗೇ ಗೊತ್ತು. ಮೂರರ ಮೇಲೂ ಒಂದೇ ರೀತಿ ಕೆಲಸ ಮಾಡಿ, ಎಲ್ಲ ಮುಗಿದ ಮೇಲೆ, ಇನ್ನು ಏನನ್ನೂ ತಿದ್ದುವುದಿಲ್ಲ ಎಂದು ಎಲ್ಲರೂ ಒಪ್ಪಿದ ಮೇಲೆ, ಕಟ್ಟಿಯವರು ಬಾಯಿ ಬಿಡಬೇಕು. ಪದ್ಧತಿ ಅಷ್ಟೇ.

ನೀಲಗಂಗಾಳ ಜೊತೆ ಕೆಲಸ ಮಾಡುವ ಶಮೀಮ್ ಆ ಮೂರು ಪ್ರತಿಗಳಿಗೆ ಮೊದಲ ವಾರವೇ ಹೆಸರಿಟ್ಟುಬಿಟ್ಟಿದ್ದಳು: ಹಿರ್ಯಾಕಿ, ನಡುವಿನಾಕಿ, ಕಿರ್ಯಾಕಿ. ಮೂವರು ಅಕ್ಕತಂಗಿಯರು, ಒಬ್ಬಳು ಮಾತ್ರ ಖರೆ ಮಗಳು ಎಂದು ಚಹಾದ ಹೊತ್ತಿನಲ್ಲಿ ನಗುತ್ತಿದ್ದರು.

ಕಟ್ಟಿಯವರು ಬಾಯಿ ಬಿಟ್ಟ ದಿನ ಶುಕ್ರವಾರ. ಸಂಗ್ರಹಾಲಯದ ನಿರ್ದೇಶಕರಾದ ಸಂಕಣ್ಣವರ ಅವರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಎಲ್ಲರೂ "ಇನ್ನು ತಿದ್ದುವುದಿಲ್ಲ" ಎಂದು ಸರದಿಯಲ್ಲಿ ಹೇಳಿದರು. ಎಂಬತ್ತು ದಾಟಿದ ಕಟ್ಟಿಯವರು ಕುರ್ಚಿಯ ಕೈ ಹಿಡಿದು ಎದ್ದು, ಹವಾಮಾನ ಹೇಳುವಷ್ಟೇ ಸಪ್ಪಗೆ ಹೇಳಿದರು: "ನಡುವಿನಾಕಿ."

ನಡುವಿನಾಕಿ ಹೇಳುತ್ತಿದ್ದುದು ಸಣ್ಣ ಮಾತಾಗಿರಲಿಲ್ಲ. ಕತ್ತಲ ದ್ರವ್ಯ ಕಾಲ ಕಳೆದಂತೆ ಸವೆಯುತ್ತಿದೆ, ಯಾರೂ ಎಣಿಸಿರದಷ್ಟು ವೇಗವಾಗಿ ಕರಗುತ್ತಿದೆ ಎಂದು ಅವಳ ಲೆಕ್ಕವಿತ್ತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ಮಂಗಳವಾರ ಪತ್ರಿಕೆಯವರು ಬರ್ತಾರ," ಎಂದರು ಸಂಕಣ್ಣವರ. "ಅಲ್ಲೀತನಕ ಗಂಡಾ ಹೆಂಡ್ತಿ ನಡುವನೂ ಈ ಮಾತ ಬರಬಾರದು. ಸೋಮವಾರ ಹಳೇ ಡಿಸ್ಕುಗಳನ್ನ ಖಾಲಿ ಮಾಡಾಕ ಮ್ಯಾಲಿನ ಮಂಡಳಿಯವರು ಬರ್ತಾರ. ಮೊದಲ ನಾವು ಕೆಟ್ಟವು ಅಂತ ತಗದಿಟ್ಟ ಚಿತ್ರಗಳು. ಉಳಿದವು ಬರೋ ವರ್ಷ. ಉತ್ತರ ಸಿಕ್ಕಮ್ಯಾಲೆ ಚಿತ್ರ ಯಾಕ ಅಂತಾರ ಅವರು. ಕೆಲಸ ಮುಗಿಯೂತನಕ ಅಷ್ಟ ಇಟ್ಕೋರಿ ಅಂತ ಮೊದಲ ಹೇಳಿದ್ರಲ್ಲ."

ಶಮೀಮ್ ನೀಲಗಂಗಾಳ ಹೆಗಲಿಗೆ ಕೈಹಾಕಿ ಅಲ್ಲಾಡಿಸಿದಳು. "ಭಪ್ಪರೇ ನೀಲಕ್ಕ! ದಿನಾ ಬೆಳಗಾದ್ರ ನಡುವಿನಾಕಿ ಮಾರಿನ ನೋಡ್ಕೋತ ಕುಂಡರತಿದ್ದಿ. ಕಡೀಕ ಆಕಿನ ಖರೆ ಆದ್ಲು ನೋಡು."

ನೀಲಗಂಗಾ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಚಿತ್ರಗಳಲ್ಲಿ ಒಳ್ಳೆಯವು, ಕೆಟ್ಟವು ಎಂದು ಆರಿಸುವುದು ಅವಳ ಕೆಲಸವಾಗಿತ್ತು. ಕೆಲವು ಹಳೆಯ ಚಿತ್ರಗಳಲ್ಲಿ ದೂರದರ್ಶಕ ನಡುಗಿತ್ತು, ಕೆಲವುಗಳಲ್ಲಿ ತೆಳು ಮೋಡ ಹಾದುಹೋಗಿತ್ತು. ಅಂಥವನ್ನು ಲೆಕ್ಕದಿಂದ ತೆಗೆಯಬೇಕು. ಅನುಮಾನವಿದ್ದ ಚಿತ್ರವನ್ನು ತೆಗೆದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಎಂದು ಮೂರೂ ಪ್ರತಿಗಳ ಮೇಲೆ ನೋಡಿ ತೀರ್ಮಾನಿಸಬೇಕು ಎಂಬುದು ನಿಯಮ. ಮೊದಮೊದಲು ಹಾಗೇ ಮಾಡಿದಳು. ಆಮೇಲೆ ಮೂರನ್ನೂ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ತಲೆ ಮೇಜಿನ ಮೇಲೆ ಬೀಳುತ್ತಿತ್ತು. ನಡುವಿನಾಕಿ ಇದ್ದ ಡಿಸ್ಕು ಬೇಗ ತೆರೆದುಕೊಳ್ಳುತ್ತಿತ್ತು. ಒಂದನ್ನು ನೋಡಿದರೆ ಮೂರನ್ನೂ ನೋಡಿದಂತೆಯೇ ಅಲ್ಲವೇ, ಹೇಗೂ ಖರೆ ಯಾವುದೆಂದು ನನಗೇನು ಗೊತ್ತು ಎಂದುಕೊಂಡಿದ್ದಳು. ನಡುವಿನಾಕಿಯ ನಕ್ಷೆಯನ್ನು ಗೋಜಲು ಮಾಡಿದ ಚಿತ್ರಗಳೆಲ್ಲ ಕೆಟ್ಟವು ಎನಿಸಿಕೊಂಡು ಹೊರಗೆ ಹೋಗಿದ್ದವು. ಕಡೆಯ ಎರಡು ವರ್ಷ ಹೀಗೆಯೇ ನಡೆದಿತ್ತು.

ಸುಳ್ಳು ಮಗಳನ್ನು ಹೀಗೆ ಸಿಂಗರಿಸಿದ್ದರೆ ಅಷ್ಟೇನೂ ಹಾನಿಯಾಗುತ್ತಿರಲಿಲ್ಲ. ಅವಳು ಸಿಂಗರಿಸಿದ್ದು ಖರೆ ಮಗಳನ್ನು.

ಮರುದಿನ ಶನಿವಾರ, ಸಂಗ್ರಹಾಲಯ ಖಾಲಿಯಿತ್ತು. ಹೊರಗೆ ಹಾಕಿದ್ದ ಚಿತ್ರಗಳನ್ನು ಮತ್ತೆ ಒಳಗೆ ಸೇರಿಸಿ ನೀಲಗಂಗಾ ನಡುವಿನಾಕಿಯ ಲೆಕ್ಕವನ್ನು ಹೊಸದಾಗಿ ಓಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ದ್ರವ್ಯ ಸವೆಯುತ್ತಿದೆ ಎನ್ನಲೂ ಬಾರದು, ಸವೆಯುತ್ತಿಲ್ಲ ಎನ್ನಲೂ ಬಾರದು. ಅಷ್ಟು ದೊಡ್ಡ ಮಾತು ಗೊಣಗಾಟವಾಗಿ ಉಳಿದಿತ್ತು. ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ನಿದ್ದೆ ಬೇಕಲ್ಲ.

ಅಲ್ಲಿಂದ ನೇರ ಕಟ್ಟಿಯವರ ಮನೆಗೆ ಹೋದಳು. ಅವರು ಹೊರಗಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವಳು ಹೇಳುವುದನ್ನೆಲ್ಲ ಕೇಳಿಸಿಕೊಂಡರೂ ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ನನಗ ಗೊತ್ತಿತ್ತು ನೀಲಾ," ಎಂದರು.

"ಏನ್ ಗೊತ್ತಿತ್ರಿ ಸರ್?"

"ನೀ ಆಕೀನ್ನ ಒಬ್ಬಾಕೀನ್ನ ತಗದು ನೋಡ್ತಿದ್ದಿ ಅಂತ. ವಾರಕ್ಕೊಮ್ಮೆ ಬರ್ತಿದ್ನಲ್ಲ. ಯಾವಾಗ ಬಂದ್ರೂ ನಿನ್ನ ಮುಂದ ಆಕೀನ ಇರ್ತಿದ್ಲು."

ನೀಲಗಂಗಾಳಿಗೆ ಸಿಟ್ಟು ನೆತ್ತಿಗೇರಿತು. "ಎರಡು ವರ್ಷ ಸುಮ್ನ ನೋಡ್ಕೋತ ಕುಂತ್ರಿ? ಒಂದು ಮಾತು ಅನಬಾರದಾಗಿತ್ತಾ?"

"ಏನಂತ ಅನ್ನಲಿ? ಆಕೀನ್ನ ಬಿಡು ಅಂದಿದ್ರ, ಯಾಕ ಅಂತ ನಿನಗ ಅವತ್ತ ತಿಳೀತಿತ್ತು. ಮೂರೂ ನೋಡು ಅಂತ ಒಮ್ಮೆ ಎಲ್ಲಾರ ಮುಂದ ಹೇಳಿದೆ. ನೀವೆಲ್ಲ ಆಕಳಿಸಿದ್ರಿ. ಇನ್ನೊಮ್ಮೆ ಹೇಳಿದ್ರ ಅದರಾಗೇನೋ ಅದ ಅಂತ ಗೊತ್ತಾಗ್ತಿತ್ತು. ಸುಳ್ಳಿನಾಕಿ ಮುಂದ ಕೂತಿದ್ರೂ ನಾ ಹಿಂಗ ಸುಮ್ನ ಇರಬೇಕಾಗಿತ್ತು, ಖರೆಯಾಕಿ ಮುಂದ ಕೂತಿದ್ರೂ ಹಿಂಗ." ಅವರ ಕೈ ಅವರೆಕಾಯಿಯ ಮೇಲೆ ನಿಂತಿತು. "ಮನೀಗೆ ಬಂದು ನನ್ನ ಹೆಂಡ್ತಿ ಮುಂದ ಸಿಟ್ಟ ಮಾಡ್ಕೋತಿದ್ದೆ. ಆಕಿಗೆ ಯಾಕ ಅಂತ ಹೇಳ್ಲಿಕ್ಕೆ ಬರ್ತಿದ್ದಿಲ್ಲ. ಆಕಿ ಹೋದ್ಲು, ಯಾಕ ಅಂತ ತಿಳೀದನ ಹೋದ್ಲು."

ನೀಲಗಂಗಾ ಕಟ್ಟೆಯ ಮೇಲೆ ಕೂತಳು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಈಗ ನಾ ಏನ್ ಮಾಡಲಿ ಸರ್?"

"ನಾ ಸುಮ್ನ ಇರೋದು ನಿನ್ನೆ ಮುಗೀತು. ಇನ್ನ ನಿಂದು."

ಸಂಜೆ ಅವಳು ಮಡಿವಾಳನನ್ನು ಕರೆದುಕೊಂಡು ಹೋಗಲು ಬೆಳಕು ಹಂಚಿಕೆ ಕಚೇರಿಗೆ ಬಂದಳು. ಗೋಡೆಯ ತುಂಬ ಜಿಲ್ಲೆಯ ನಕ್ಷೆ, ಅದರ ಮೇಲೆ ಹಳದಿ ವರ್ತುಲಗಳು ಮೆಲ್ಲಗೆ ಸರಿಯುತ್ತಿದ್ದವು. ಮಡಿವಾಳ ಫೋನಿನಲ್ಲಿದ್ದ. ಆ ಕಡೆ ಕಲಘಟಗಿಯ ಒಬ್ಬ ಹೆಣ್ಣುಮಗಳು. ಅವಳ ಅವ್ವ ಹಾಸಿಗೆ ಹಿಡಿದು ಮಲಗಿದ್ದಾಳೆ, ಇಂದೋ ನಾಳೆಯೋ ಎನ್ನುವಂತಿದ್ದಾಳೆ, ಒಂದು ಸಲ ಕತ್ತಲು ನೋಡಬೇಕು ಎನ್ನುತ್ತಿದ್ದಾಳೆ.

"ಅರ್ಜಿ ಕೊಡಬೇಕಾಕ್ಕೈತ್ರಿ ತಂಗಿ," ಎಂದ ಮಡಿವಾಳ. ಆಮೇಲೆ ನಕ್ಷೆಯ ಕಡೆ ನೋಡಿದ. "ಆತು. ಅವ್ವನ್ನ ಅಂಗಳಕ್ಕ ತರ್ರಿ. ಲಗೂನ ತರ್ರಿ."

ಅವನು ಒಂದು ಗುಂಡಿ ತಿರುಗಿಸಿದ. ನಕ್ಷೆಯ ಒಂದು ಹಳದಿ ವರ್ತುಲ ಪಕ್ಕಕ್ಕೆ ಸರಿದು, ಕಾಡಿನ ಮೇಲೆ ಹೋಗಿ ನಿಂತಿತು. ಕೊಂಚ ಹೊತ್ತಿನ ಮೇಲೆ ಅದನ್ನು ಮರಳಿ ತಂದು, ‘ಕನ್ನಡಿ ದುರಸ್ತಿ’ ಎಂದು ದಾಖಲಿಸಿದ.

"ಸುಳ್ಳ ಬರದ್ರಿ," ಎಂದಳು ನೀಲಗಂಗಾ.

"ಬರದೆ. ಏನಾತು?"

"ನಾನೂ ಒಂದು ಸುಳ್ಳ ಹಂಗ ಬಿಟ್ರ ಏನಾಕ್ಕೈತಿ?"

ಮಡಿವಾಳ ಅವಳ ಕಡೆ ತಿರುಗಿದ. ಏನು ಎತ್ತ ಎಂದು ಕೇಳಲಿಲ್ಲ. ಮಂಗಳವಾರದ ತನಕ ಏನೂ ಕೇಳಬಾರದೆಂದು ಅವಳು ನಿನ್ನೆಯೇ ಹೇಳಿದ್ದಳು. "ನನ್ನ ಸುಳ್ಳು ಆ ಮುದುಕಿ ಕಣ್ಣ ಮುಚ್ಚಿದ್ಲಂದ್ರ ಮುಗೀತು. ನಿನ್ನ ಸುಳ್ಳು ಯಾವಾಗ ಮುಗೀತೈತಿ?"

ಸೋಮವಾರ ಆ ಚಿತ್ರಗಳು ಅಳಿಸಿಹೋದರೆ ಯಾರಿಗೂ ಪರೀಕ್ಷೆ ಮಾಡಲು ಸಾಧ್ಯವಿಲ್ಲ. ಹೊಸ ಚಿತ್ರ ತೆಗೆಯೋಣವೆಂದರೆ ಕತ್ತಲಿಲ್ಲ. ಮುಂದೆ ಹುಟ್ಟುವ ಮಕ್ಕಳೆಲ್ಲ ದ್ರವ್ಯ ಸವೆಯುತ್ತಿದೆ ಎಂದೇ ಓದುತ್ತಾರೆ, ಅದರ ಮೇಲೆ ಇನ್ನೊಂದನ್ನು ಕಟ್ಟುತ್ತಾರೆ. ಅದು ಖರೆಯೇ ಇರಬಹುದು, ಇರದೆಯೂ ಇರಬಹುದು. ಅವಳಿಗೆ ಹೆದರಿಕೆಯಾದದ್ದು ಅದು ಸುಳ್ಳೆಂದು ಅಲ್ಲ. ಸುಳ್ಳೋ ಖರೆಯೋ ಎಂದು ಕೇಳುವ ದಾರಿಯನ್ನೇ ತಾನು ಮುಚ್ಚುತ್ತಿದ್ದೇನೆಂದು.

ಭಾನುವಾರ ಬೆಳಿಗ್ಗೆ ಅವಳು ಸಂಕಣ್ಣವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಮೊದಲು ನಂಬಲಿಲ್ಲ, ಆಮೇಲೆ ಬೈದರು, ಕಡೆಗೆ ಕೈಮುಗಿದರು.

"ಇಷ್ಟ ದಿನ ಸುಮ್ಕಿದ್ದವರು ಇನ್ನೆರಡ ದಿನ ಸುಮ್ಕಿರಾಕ ಆಗಲಿಲ್ಲೇನ್ರಿ ನಿಮಗ? ಶಮೀಮಂದು ನೌಕರಿ ಕಾಯಂ ಆಗೂದಿತ್ತು. ಹುಡುಗೂರೆಲ್ಲ ಮನಿಗೆ ಫೋನ್ ಮಾಡಿ ಖುಷಿಪಟ್ಟಾರ."

"ಗೊತ್ತೈತ್ರಿ ಸರ್."

"ಗೊತ್ತಿದ್ದು ಬಂದಿರಲ್ಲ!"

"ಚಿತ್ರ ಅಳಿಸಿದಮ್ಯಾಲೆ ಬಂದಿದ್ರ ಏನ್ ಉಪಯೋಗ ಇತ್ರಿ?"

ಸೋಮವಾರ ಮಂಡಳಿಯವರು ಬಂದಾಗ ಸಂಕಣ್ಣವರ ಅವರು ಬಾಗಿಲಲ್ಲೇ ನಿಂತು, ಕೆಲಸ ಮುಗಿದಿಲ್ಲ ಎಂದರು. ಯಾಕೆ ಮುಗಿದಿಲ್ಲ ಎಂದು ವಿವರಿಸಲು ಅವರಿಗೆ ಅರ್ಧ ದಿನ ಹಿಡಿಯಿತು. ಮಂಡಳಿಯವರು ಗೊಣಗಿದರು, ಸಂಬಳ ಕಡಿತ ಮಾಡಿದರು, ಅರ್ಧ ಜನರನ್ನು ಬೇರೆ ಕಡೆ ಕಳಿಸಿದರು. ಆದರೆ ಕೆಲಸ ಮುಗಿಯುವ ತನಕ ಚಿತ್ರಗಳು ಇರಬೇಕು ಎಂದು ಅವರೇ ಹೇಳಿದ್ದರಲ್ಲ, ಚಿತ್ರಗಳು ಉಳಿದವು. ನೀಲಗಂಗಾ ತನ್ನ ತಪ್ಪಿನಿಂದ ಕೆಡಿಸಿದ್ದ ಆಕಾಶ, ಆ ತಪ್ಪನ್ನು ಹೇಳಿದ್ದರಿಂದ ಉಳಿದುಕೊಂಡಿತು. ಇದರಲ್ಲಿ ಸಂತೋಷಪಡಬೇಕೋ ನಾಚಬೇಕೋ ಅವಳಿಗೆ ಗೊತ್ತಾಗಲಿಲ್ಲ. ಶಮೀಮ್ ಊರು ಬಿಟ್ಟು ಹೋಗುವ ದಿನ ಅವಳ ಜೊತೆ ಮಾತಾಡಲಿಲ್ಲ.

ಪದ್ಧತಿಯ ಪ್ರಕಾರ, ಉತ್ತರ ನೋಡಿದವರು ಮತ್ತೆ ಚಿತ್ರ ಆರಿಸುವಂತಿಲ್ಲ. ಹೊಸಬರು ಬೇಕು, ಹಿಂದಿನ ಮಾತು ಕಿವಿಗೂ ಬೀಳದವರು ಬೇಕು. ಸುಳ್ಳು ಬೆರೆಸಿ ಹೊಸ ಪ್ರತಿಗಳನ್ನು ಮಾಡಿಕೊಟ್ಟು ಸುಮ್ಮನೆ ಕೂರುವವರೊಬ್ಬರು ಬೇಕು. ಕಟ್ಟಿಯವರು ಇನ್ನು ತಮ್ಮ ಕೈಲಾಗದು ಎಂದರು.

"ನೀವ ಕುಂಡ್ರಿ," ಎಂದು ಸಂಕಣ್ಣವರ ಅವರು ನೀಲಗಂಗಾಳಿಗೆ ಹೇಳಿದರು. ಅದರಲ್ಲಿ ಶಿಕ್ಷೆ ಎಷ್ಟು, ನಂಬಿಕೆ ಎಷ್ಟು ಎಂದು ಅವರಿಗೂ ಗೊತ್ತಿದ್ದಂತಿರಲಿಲ್ಲ.

ಅವಳು ಕೂತಳು. ಮೂರು ಪ್ರತಿಗಳನ್ನೂ ಒಟ್ಟಿಗೇ ತೆರೆಯದೆ ಯಾವ ಚಿತ್ರವನ್ನೂ ತೆಗೆಯಲು ಬಾರದಂತೆ, ಅವುಗಳ ಜಾಗ ದಿನದಿನ ಅದಲುಬದಲಾಗುವಂತೆ ಮೊದಲೇ ವ್ಯವಸ್ಥೆ ಮಾಡಿದಳು. ತಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡದಂತೆ ನೋಡಿಕೊಳ್ಳುವುದು ಸುಲಭವಿತ್ತು. ಬಾಯಿ ಮುಚ್ಚಿಕೊಂಡಿರುವುದು ಸುಲಭವಿರಲಿಲ್ಲ. ಮನೆಯಲ್ಲಿ ಗುರವ್ವ, "ಏನಾತವಾ ನಿನ್ನ ಲೆಕ್ಕ?" ಎಂದು ಕೇಳಿದರೆ, "ನಡದೈತ್ರಿ ಅತ್ತಿ" ಎನ್ನುವಳು. ಹೀಗೆ ನಾಲ್ಕು ವರ್ಷ ಹೋಯಿತು.

ಹೊಸಬರಲ್ಲಿ ಶಾಂಭವಿ ಎಂಬವಳು ಚುರುಕಾಗಿದ್ದಳು. ಅವಳ ಲೆಕ್ಕ ಶುದ್ಧವಾಗಿತ್ತು. ನೀಲಗಂಗಾ ಬೆರೆಸಿದ್ದ ಸುಳ್ಳನ್ನು ಕಳೆದು ನೋಡಿದರೆ, ಹಳೆಯ ಗೊಣಗಾಟ ಈಗ ಸ್ಪಷ್ಟವಾದ ಮಾತಾಗುತ್ತಿತ್ತು. ದ್ರವ್ಯ ಸವೆಯುತ್ತಿತ್ತು. ಮೊದಲು ಕಂಡಷ್ಟಲ್ಲ, ಆದರೆ ಖಂಡಿತ ಸವೆಯುತ್ತಿತ್ತು. ಇಡೀ ಭೂಮಿಯ ಮೇಲೆ ಇದು ಗೊತ್ತಿದ್ದುದು ನೀಲಗಂಗಾಳೊಬ್ಬಳಿಗೆ. ಇನ್ನೊಂದು ವರ್ಷದ ಕೆಲಸ ಉಳಿದಿತ್ತು, ಅದನ್ನು ಮಾಡಬಲ್ಲವಳು ಶಾಂಭವಿಯೇ.

ಒಂದು ಮಧ್ಯಾಹ್ನ ಶಾಂಭವಿ ಅವಳ ಕೋಣೆಗೆ ಬಂದು, ಬಾಗಿಲು ಮುಚ್ಚಿ, ನಿಂತೇ ಮಾತಾಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಅಕ್ಕಾ, ನನಗ ನಿದ್ದಿಮನಿ ಕಂಪನಿಯವರು ಕರದಾರ. ದುಪ್ಪಟ್ಟು ಪಗಾರ, ಮ್ಯಾಲೆ ದಿನಾ ಎಂಟ ತಾಸ ಕತ್ತಲ ಪುಕ್ಕಟೆ. ನಾಳೆ ಹೇಳಬೇಕು."

"ಹೌದಾ."

"ಮೂರೂ ಪ್ರತಿ ಮೂರ ತರಾ ಉತ್ತರ ಹೇಳ್ತಾವ. ಖರೇದ್ರಾಗ ಏನೂ ಇರಲಿಕ್ಕಿಲ್ಲ ಅಂತ ನನಗ ಅನಸ್ತೈತಿ. ಯಾವುದು ಅಂತ ಕೇಳೂದಿಲ್ಲ ನಾ. ಏನರ ಐತೋ ಇಲ್ಲೋ ಅಷ್ಟ ಹೇಳ್ರಿ. ಇದ್ರ ಇರ್ತೇನಿ. ಇಲ್ಲಂದ್ರ ನನ್ನ ಹರೇ ಯಾಕ ಇಲ್ಲಿ ಹಾಳ ಮಾಡ್ಕೊಳ್ಳಲಿ?"

ಐತಿ ಎಂಬ ಎರಡಕ್ಷರ ನೀಲಗಂಗಾಳ ಗಂಟಲಲ್ಲಿ ಬಂದು ಕೂತಿತು. ಹೇಳಿದರೆ ಈ ಹುಡುಗಿ ಉಳಿಯುತ್ತಾಳೆ, ಆದರೆ ಆ ಗಳಿಗೆಯಿಂದ ಅವಳ ಕಣ್ಣು ಅದನ್ನೇ ಹುಡುಕುತ್ತದೆ, ಹುಡುಕಿದ್ದನ್ನು ಕಾಣುತ್ತದೆ. ಹೇಳದಿದ್ದರೆ ಹೋಗುತ್ತಾಳೆ, ಅವಳ ಹಿಂದೆಯೇ ಕೆಲಸವೂ ಹೋಗುತ್ತದೆ. ಹೋಗಬೇಡ ಎಂದು ಕೈ ಹಿಡಿದರೂ ಅದೂ ಒಂದು ಉತ್ತರವೇ.

"ನನಗ ಏನೂ ಹೇಳಾಕ ಬರೂದಿಲ್ಲವ್ವ," ಎಂದಳು.

ಶಾಂಭವಿ ಅವಳ ಮುಖವನ್ನೇ ದಿಟ್ಟಿಸಿದಳು. ಕಣ್ಣು, ಹುಬ್ಬು, ತುಟಿಯ ಕೊನೆ, ಎಲ್ಲಾದರೂ ಒಂದು ಸುಳಿವು ಸಿಕ್ಕೀತೇ ಎಂದು ಹುಡುಕಿದಳು. ಅಲ್ಲಿ ದಣಿವು ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟು ವರ್ಷಗಳ ದಣಿವು ನೀಲಗಂಗಾಳಿಗೆ ಅಂದು ಮೊದಲ ಸಲ ಕೆಲಸಕ್ಕೆ ಬಂತು.

"ಕರುಳು ಅನ್ನೂದ ಇಲ್ಲ ನಿಮಗ," ಎಂದು ಶಾಂಭವಿ ಬಾಗಿಲು ದಡಾರನೆ ತೆಗೆದು ಹೊರಗೆ ಹೋದಳು.

ನೀಲಗಂಗಾ ಕಿವಿಗೊಟ್ಟು ಕೂತಳು. ಹೆಜ್ಜೆಗಳು ಪಡಸಾಲೆಯ ಉದ್ದಕ್ಕೂ ಹೋದವು. ಮೆಟ್ಟಿಲ ಹತ್ತಿರ ನಿಂತವು. ಬಹಳ ಹೊತ್ತು ನಿಂತಿದ್ದವು. ಆಮೇಲೆ ತಿರುಗಿ ಬಂದು ಲೆಕ್ಕದ ಕೋಣೆಯನ್ನು ಹೊಕ್ಕವು, ಕುರ್ಚಿ ಎಳೆದ ಸದ್ದಾಯಿತು, ಯಾರನ್ನೋ ಬೈಯುತ್ತ ಶಾಂಭವಿ ಮೂರೂ ಪ್ರತಿಗಳನ್ನು ಒಟ್ಟಿಗೆ ತೆರೆಯುತ್ತಿರುವುದು ಕೇಳಿಸಿತು.

ನೀಲಗಂಗಾಳಿಗೆ ಎದೆ ತುಂಬಿ ಬಂತು. ತಡೆಯಲಾರದಷ್ಟು ಸಂತೋಷವಾಯಿತು. ಬಾಗಿಲು ತೆರೆದೇ ಇತ್ತು, ಆ ಕೋಣೆಯಿಂದ ಈ ಕೋಣೆ ನೇರವಾಗಿ ಕಾಣುತ್ತಿತ್ತು. ಅವಳು ಕುರ್ಚಿಯನ್ನು ತಿರುಗಿಸಿಕೊಂಡು, ಆ ಸಂತೋಷ ಮುಖದಿಂದ ಇಳಿಯುವ ತನಕ ಗೋಡೆ ನೋಡುತ್ತ ಕೂತಳು.